ಬಲಗಡೆಯ ಡಬ್ಬಿ ಹಾಡಿತು

ರಾಯಚೂರು
18 ಮೇ 2025, ಭಾನುವಾರ

ಐದೂವರೆಗೇ ಎದ್ದು ಪಡಸಾಲೆಯಲ್ಲಿ ಚಾಪೆ ಹಾಸಿ ಕೂತೆ. ಹತ್ತು ಗಂಟೆ ದಾಟಿದರೆ ನಮ್ಮೂರ ಬಿಸಿಲಿಗೆ ಕೈ ಬೆವರಿ, ಸಣ್ಣ ಕೆಲಸ ಆಗುವುದಿಲ್ಲ. ರಾತ್ರಿ ಅಂಟಿಸಿಟ್ಟಿದ್ದ ವೂಫರ್, ಅಂದರೆ ಡಬ್ಬಿಯೊಳಗಿನ ದಪ್ಪ ದನಿಯ ದೊಡ್ಡ ಸ್ಪೀಕರ್, ಚೆನ್ನಾಗಿ ಒಣಗಿತ್ತು.

ಅಪ್ಪ 1992ರಲ್ಲಿ ತಂದ ಸ್ಪೀಕರ್ ಡಬ್ಬಿಗಳಿವು. ಹದಿನಾಲ್ಕು ವರ್ಷದಿಂದ ಗೋಣಿಚೀಲದಲ್ಲಿ ಅಟ್ಟದ ಮೇಲಿದ್ದವು. ಹಾಡು ಹಚ್ಚಿದರೆ ಗರಗರ ಅನ್ನತೊಡಗಿದಾಗ "ಕಾಯಿಲ್ ಸುಟ್ಟದ, ಇನ್ನ ಮುಗೀತು" ಅಂತ ಅಪ್ಪನೇ ಕಟ್ಟಿಟ್ಟಿದ್ದರು. ಕಳೆದ ತಿಂಗಳು ಇಳಿಸಿ ಮಲ್ಟಿಮೀಟರ್ ಹಿಡಿದೆ. 8 ಓಮ್‌ನ ವೂಫರ್ 6.4 ತೋರಿಸಿತು. ಮೀಟರ್ ಅಳೆಯುವುದು ಕಾಯಿಲ್ ಎಂಬ ತಂತಿಸುರುಳಿಯ ರೋಧ ಮಾತ್ರ, ಅದು ಯಾವಾಗಲೂ ಸ್ವಲ್ಪ ಕಡಿಮೆಯೇ. ಅಂದರೆ ಕಾಯಿಲ್ ನೆಟ್ಟಗೇ ಇತ್ತು! ಹೋಗಿದ್ದು ಕೋನಿನ, ಅಂದರೆ ಮುಂದೆ ಕಾಣುವ ಕಾಗದದ ಬಟ್ಟಲಿನ, ಸುತ್ತಲಿನ ಫೋಮ್ ಬಳೆ. ಆ ಪಾಲಿಯುರೆಥೇನ್ ಫೋಮ್ ಸುಮ್ಮನೆ ಇಟ್ಟರೂ ಗಾಳಿಯ ತೇವಕ್ಕೆ ಹದಿನೈದಿಪ್ಪತ್ತು ವರ್ಷದಲ್ಲಿ ಕೊಳೆಯುತ್ತದೆ. ಮುಟ್ಟಿದರೆ ಹಳೇ ಬೆಲ್ಲದಂತೆ ಜಿಗುಟು, ತಿಕ್ಕಿದರೆ ಕರಿ ಪುಡಿ. ಇಷ್ಟಕ್ಕಾಗಿ ಅಪ್ಪ ತಮ್ಮ ಕೊನೆಯ ಆರು ವರ್ಷ ಈ ಡಬ್ಬಿಗಳನ್ನು ಕೇಳದೇ ಹೋದರು. ಆಗಲೇ ನಾನೊಮ್ಮೆ ಬಿಚ್ಚಿ ನೋಡಬೇಕಿತ್ತು.

ಹೊಸ ವೂಫರ್ ಹಾಕಿಬಿಡು ಅಂದವರು ಬಹಳ ಮಂದಿ. ನಾನು ಒಪ್ಪಲಿಲ್ಲ. ಆ ದನಿ ಇರುವುದೇ ಆ ಕಾಗದದ ಕೋನಿನಲ್ಲಿ.

ಮೊದಲ ಸಲ ಕಣ್ಣಳತೆಯಲ್ಲೇ ಹೊಸ ಬಳೆ ಕೂರಿಸಿದ್ದೆ. ಒಣಗಿದ ಮೇಲೆ ಒತ್ತಿದರೆ ಕಾಯಿಲ್ ಒಂದು ಕಡೆ ಉಜ್ಜಿ ಸರಸರ ಸದ್ದು. ಬಳೆ ಹಾಳಾಯಿತು. ಸ್ಪಿರಿಟ್ ಅದ್ದಿದ ಹತ್ತಿಯಿಂದ ಕಾಗದ ನೆನೆಯದ ಹಾಗೆ ಗೋಂದು ತೆಗೆಯಲು ಎರಡು ಸಂಜೆ ಹಿಡಿಯಿತು. ಈ ಸಲ ಕೋನಿನ ನಡುವಿನ ಟೊಪ್ಪಿಗೆಯನ್ನು ಬ್ಲೇಡಿನಿಂದ ಬಿಡಿಸಿ, ಕಾಯಿಲ್‌ಗೂ ಒಳಗಿನ ಕಬ್ಬಿಣದ ಗೂಟಕ್ಕೂ ನಡುವೆ ಫೋಟೊ ನೆಗೆಟಿವ್‌ನ ನಾಲ್ಕು ಪಟ್ಟಿ ಇಳಿಸಿ, ಆಮೇಲೆ ಬಳೆ ಅಂಟಿಸಿದೆ. ಅಕ್ಕನ ಮದುವೆಯ ನೆಗೆಟಿವ್, ಯಾರ ಮುಖವೂ ಇಲ್ಲದ, ಬರೀ ಹಂದರ ಇದ್ದ ತುಂಡು. ಇವತ್ತು ಒಂದೊಂದೇ ಎಳೆದು, ಎರಡೂ ಕೈಬೆರಳಿಂದ ಕೋನನ್ನು ಸಮನಾಗಿ ಒತ್ತಿದೆ. ಮೆತ್ತಗೆ ಹೋಗಿ ಬಂತು. ಸದ್ದಿಲ್ಲ.

ಟ್ವೀಟರ್ ಅಂದರೆ ತೆಳು ದನಿಯ ಚಿಕ್ಕ ಸ್ಪೀಕರ್; ಅದಕ್ಕೆ ದಪ್ಪ ದನಿ ಹೋಗದಂತೆ ತಡೆಯುವ ಕೆಪಾಸಿಟರ್‌ಗೂ ವಯಸ್ಸಾಗಿತ್ತು. 4.7 ಮೈಕ್ರೊಫ್ಯಾರಡ್ ಎಂದಿದ್ದದ್ದು 7ರ ಹತ್ತಿರ ತೋರಿಸುತ್ತಿತ್ತು. ಬಜಾರಿನಲ್ಲಿ ಸುಲಭಕ್ಕೆ ಸಿಗುವವು ಪ್ಲಸ್-ಮೈನಸ್ ಗುರುತಿನವು. ಅವು ಇಲ್ಲಿಗೆ ಆಗುವುದಿಲ್ಲ, ಹಾಡಿನ ಕರೆಂಟು ಎರಡೂ ದಿಕ್ಕಿಗೆ ಹರಿಯುತ್ತದೆ. ತೀನ್ ಕಂದೀಲ್ ಕಡೆ ತಿರುಗಾಡಿದ ಮೇಲೆ ಆ ಗುರುತಿಲ್ಲದ ನಾನ್-ಪೋಲಾರ್ ಸಿಕ್ಕವು. ಬೆಸುಗೆ ಹಾಕಿ, 1.5 ವೋಲ್ಟ್ ಸೆಲ್ ತಾಗಿಸಿ ಪ್ಲಸ್‌ಗೆ ಪ್ಲಸ್ ಇದ್ದಾಗ ಕೋನು ಮುಂದೆ ಬರುವುದನ್ನು ನೋಡಿಕೊಂಡೆ.

ಅಪ್ಪ ರೇಡಿಯೊದಿಂದ ಹಿಡಿದಿಟ್ಟ ಸಿದ್ಧರಾಮ ಜಂಬಲದಿನ್ನಿಯವರ ವಚನಗಾಯನದ ಕ್ಯಾಸೆಟ್ ಹಾಕಿದೆ. ರೊಟ್ಟಿ ಬಡಿಯುತ್ತಿದ್ದ ಅವ್ವ ಕೈ ನಿಲ್ಲಿಸಿದಳು.

"ಸ್ವಲ್ಪ ಸಣ್ಣ ಮಾಡಪಾ. ನಿಮ್ಮಪ್ಪ ಇಷ್ಟು ಜೋರು ಇಡ್ತಿದ್ದಿಲ್ಲ."

ಸಣ್ಣ ಮಾಡಿದೆ. ಎಡಗಡೆಯ ವೂಫರ್ ನೆಗೆಟಿವ್ ಪಟ್ಟಿಗಳ ಸಮೇತ ಕಿಟಕಿಯಿಂದ ದೂರ, ನೆರಳಲ್ಲಿ ಒಣಗುತ್ತಿದೆ.