ಸ್ಟಡ್ ತಿರುಗಲಿಲ್ಲ, ತಿರುಚಿಕೊಂಡಿತು

ಮೇ ತಿಂಗಳ ಕೊನೆಯ ವಾರ ಮಲ್ಪೆಯಲ್ಲಿ ನಮ್ಮಂಥ ಮೆಕ್ಯಾನಿಕ್‌ಗಳಿಗೆ ಊಟಕ್ಕೂ ಪುರುಸೊತ್ತು ಇರುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲ್ ಬೋಟುಗಳಿಗೆ ರಜೆ, ಆ ಎರಡು ತಿಂಗಳು ಕಡಲು ನಾಡದೋಣಿಯವರದ್ದು. ಮೂಲೆಯಲ್ಲಿ ಮಲಗಿದ್ದ ಔಟ್‌ಬೋರ್ಡ್ ಎಂಜಿನ್‌ಗಳೆಲ್ಲ ಒಟ್ಟಿಗೆ ಎದ್ದು ನಮ್ಮ ಶೆಡ್ಡಿಗೆ ಬರುತ್ತವೆ. ಹಾಗೆ ಬಂದ ಒಂದು ಎಂಜಿನ್ ನೀರು ಉಗುಳುತ್ತಿರಲಿಲ್ಲ. ಎಂಜಿನ್ ತಂಪಾಗಿಸುವ ನೀರನ್ನು ಎತ್ತುವ ಪಂಪಿನ ರಬ್ಬರ್ ಚಕ್ರ, ಅಂದರೆ ಇಂಪೆಲ್ಲರ್, ಬದಲಿಸಿದರೆ ಮುಗಿಯಿತು, ಒಂದು ಗಂಟೆಯ ಕೆಲಸ. ದೋಣಿಯ ಯಜಮಾನರಿಗೆ ನಾನೇ ಹಾಗೆ ಹೇಳಿ ಚಹಾ ಕುಡಿಯಲು ಕಳುಹಿಸಿದೆ.

ಎಂಜಿನ್ನಿನ ಕೆಳಗೆ ಪ್ರೊಪೆಲ್ಲರ್ ಇರುವ ಭಾಗ, ಗೇರ್‌ಕೇಸ್, ಇಳಿಯಿತು. ಆದರೆ ಅದನ್ನು ಹಿಡಿದಿಡುವ ಮುಂದಿನ ಎಂಟು ಮಿಲಿಮೀಟರ್ ಸ್ಟಡ್ಡಿನ (ಎರಡೂ ತುದಿಗೆ ಥ್ರೆಡ್ ಇರುವ ಬೋಲ್ಟು) ತುದಿಯ ಥ್ರೆಡ್ ನಟ್ಟಿನ ಜೊತೆಯಲ್ಲೇ ಕಿತ್ತುಬಂದಿತ್ತು. ಹೊಸದು ಹಾಕಲೇಬೇಕು. ಉಳಿದ ಥ್ರೆಡ್ಡಿಗೆ ಎರಡು ನಟ್ ಹಾಕಿ ಒಂದಕ್ಕೊಂದು ಬಿಗಿದು, ಕೆಳಗಿನ ನಟ್ಟಿಗೆ ಸ್ಪ್ಯಾನರ್ ಕೊಟ್ಟೆ. ಸಡಿಲಿಸುವ ಎಣ್ಣೆಯ ಸ್ಪ್ರೇ ಹೊಡೆದು ಹತ್ತು ನಿಮಿಷವೂ ಆಗಿರಲಿಲ್ಲ. ಸ್ಟೇನ್‌ಲೆಸ್ ಸ್ಟಡ್, ಅಲ್ಯೂಮಿನಿಯಂ ಕೇಸಿಂಗ್, ನಡುವೆ ಉಪ್ಪುನೀರು. ಸ್ಟೀಲಿಗೆ ಏನೂ ಆಗುವುದಿಲ್ಲ, ಅಲ್ಯೂಮಿನಿಯಂ ಕರಗಿ ಬಿಳಿ ಪುಡಿಯಾಗಿ ಥ್ರೆಡ್ಡಿನೊಳಗೆ ಸಿಮೆಂಟಿನಂತೆ ಕಚ್ಚಿಕೊಳ್ಳುತ್ತದೆ. ಅದರ ಬುಡಕ್ಕೆ ಎಣ್ಣೆ ಇಳಿಯಲು ಒಂದು ರಾತ್ರಿಯಾದರೂ ಬೇಕು. ಇದೆಲ್ಲ ನನಗೆ ಗೊತ್ತಿರಲಿಲ್ಲವೆಂದಲ್ಲ. ಹೊರಗೆ ಆರು ಎಂಜಿನ್ ಸಾಲಿನಲ್ಲಿದ್ದವು.

ಸ್ಪ್ಯಾನರ್ ಸ್ವಲ್ಪ ಸರಿಯಿತು. ಒಂದು ಬೆರಳಿನಷ್ಟು. ‘ಬಂತು’ ಎಂದುಕೊಂಡೆ. ಇನ್ನೂ ಸ್ವಲ್ಪ ಎಳೆದೆ, ಮತ್ತೂ ಸರಿಯಿತು. ಶಬ್ದವಿಲ್ಲ, ಕಿರುಗುಟ್ಟುವಿಕೆಯಿಲ್ಲ, ರಬ್ಬರ್ ಎಳೆದಂತೆ ಮೆತ್ತಗೆ. ಕೈ ಸಡಿಲಿಸಿದಾಗ ಸ್ಪ್ಯಾನರ್ ತುಸು ಹಿಂದಕ್ಕೆ ಬಂದಂತೆಯೂ ಅನ್ನಿಸಿತು. ಅಲ್ಲೇ ನಿಲ್ಲಿಸಬೇಕಿತ್ತು. ಕಚ್ಚಿದ ಸ್ಟಡ್ ನಿಜವಾಗಿ ಬಿಡುವಾಗ ‘ಟಕ್’ ಎನ್ನುತ್ತದೆ, ಆಮೇಲೆ ಕೀಚಲು ಸದ್ದು ಮಾಡುತ್ತದೆ. ಇದು ತಿರುಗುತ್ತಿರಲಿಲ್ಲ, ಬುಡ ಕದಲದೆ ತಲೆ ಮಾತ್ರ ತಿರುಚಿಕೊಳ್ಳುತ್ತಿತ್ತು. ಬುಡದಿಂದ ಕೇಸಿಂಗ್‌ವರೆಗೆ ಚಾಕ್‌ನಲ್ಲಿ ಒಂದು ಗೆರೆ ಎಳೆದಿದ್ದರೆ ಕಣ್ಣಿಗೇ ಕಾಣುತ್ತಿತ್ತು. ಮೂರನೆಯ ಸಲ ಎಳೆದಾಗ ಸ್ಟಡ್ ಎರಡು ನಟ್ಟುಗಳ ಸಮೇತ ಕೈಗೆ ಬಂತು. ಕೇಸಿಂಗ್‌ನ ಮೇಲೆ ಒಂದೇ ಒಂದು ಥ್ರೆಡ್ ಉಳಿದಿತ್ತು.

ತಪ್ಪು ಮಾಡಿದವನು ಸುಮ್ಮನೆ ಕೂತರೆ ತಪ್ಪು ಅಷ್ಟಕ್ಕೇ ನಿಲ್ಲುತ್ತದೆ. ನಾನು ಸುಮ್ಮನಿರದೆ ಡ್ರಿಲ್ ಹೊಡೆದು, ಮುರಿದ ಸ್ಟಡ್ ಕೀಳುವ ‘ಈಜಿ ಔಟ್’ ಎಂಬ ಉಪಕರಣ ಇಳಿಸಿದೆ. ಆ ಹೆಸರಿಟ್ಟವರು ಕಡಲ ಬದಿಯಲ್ಲಿ ಕೆಲಸ ಮಾಡಿದವರಲ್ಲ. ಅದು ಒಳಗೇ ಮುರಿಯಿತು. ಸ್ಟಡ್ಡಿಗಿಂತ ಗಟ್ಟಿಯಾದ ಲೋಹ, ಮಾಮೂಲಿ ಡ್ರಿಲ್ ಬಿಟ್ ಅದರ ಮೇಲೆ ಜಾರುತ್ತದೆಯೇ ಹೊರತು ಕೊರೆಯುವುದಿಲ್ಲ. ಅಷ್ಟರಲ್ಲಿ ಯಜಮಾನರು ಚಹಾ ಮುಗಿಸಿ ಬಂದರು. “ಆಯಿತಾ ಮಾರಾಯರೇ?” ಎಂದು ಕೇಳಿದರು. “ನಾಳೆ ನೋಡುವ” ಎಂದೆ.

ಮರುದಿನ ಹಿರಿಯ ಮೇಸ್ತ್ರಿ ಬಂದು ನೋಡಿ ಏನೂ ಬೈಯಲಿಲ್ಲ. ಅದೇ ಹೆಚ್ಚು ನೋವಾಯಿತು. ಮುರಿದ ತುಂಡಿನ ಮೇಲೆ ನಟ್ ಇಟ್ಟು ಅದರ ತೂತಿನೊಳಗಿನಿಂದ ವೆಲ್ಡ್ ಮಾಡೋಣ, ಸ್ಟೀಲ್ ಕಡ್ಡಿ ಅಲ್ಯೂಮಿನಿಯಂಗೆ ಹಿಡಿಯುವುದಿಲ್ಲ ಎಂದರು. ಪಕ್ಕದ ಆಯಿಲ್ ಸೀಲಿಗೆ ಒದ್ದೆ ಬಟ್ಟೆ ಸುತ್ತಿದರು. ವೆಲ್ಡಿಂಗ್ ಕರೆಂಟ್ ವಾಪಸು ಹೋಗುವ ಅರ್ತ್ ಕ್ಲಿಪ್ ಹಾಕುವುದು ನನ್ನ ಪಾಲಿಗೆ ಬಂತು. ಕೈಗೆ ಸಿಕ್ಕ ಪ್ರೊಪೆಲ್ಲರ್ ಶಾಫ್ಟಿಗೆ ಹಾಕಿದೆ. ಅವರು ಕಡ್ಡಿ ತಾಗಿಸುವ ಮೊದಲು ಒಮ್ಮೆ ಕೆಳಗೆ ನೋಡಿದರು.

“ಕ್ಲಿಪ್ ತೆಗೆ ಮಾರಾಯ! ಕರೆಂಟ್ ಪೂರಾ ಬೇರಿಂಗ್ ಒಳಗಿಂದ ಹೋಗುತ್ತದೆ!”

ಒಂದು ಸ್ಟಡ್ಡಿನ ಸಲುವಾಗಿ ಇಡೀ ಗೇರ್‌ಬಾಕ್ಸಿನ ಬೇರಿಂಗ್‌ಗಳಿಗೆ ಕಿಡಿ ಹಾರಿಸಿ ಕಲೆ ಕೂರಿಸುತ್ತಿದ್ದೆ. ಈಗಲೂ ನೆನೆದರೆ ಅಂಗೈ ಬೆವರುತ್ತದೆ. ಕ್ಲಿಪ್ಪನ್ನು ಸ್ಟಡ್ಡಿನ ಪಕ್ಕ ಕೇಸಿಂಗ್‌ನಲ್ಲಿ ಚಾಚಿದ ಕಿವಿಗೇ ಹಾಕಿದೆ.

ಮೊದಲ ಎರಡು ನಟ್ ಕಿತ್ತುಬಂದವು. ಮೂರನೆಯದು ಹಿಡಿಯಿತು. ಕೆಂಪು ಇಳಿದು ಇನ್ನೂ ಬಿಸಿಯಿರುವಾಗಲೇ ಬುಡಕ್ಕೆ ಮೇಣದ ಬತ್ತಿ ತಾಗಿಸಿದರು, ಮೇಣ ಕರಗಿ ಒಳಗೆ ಎಳೆದುಕೊಂಡಿತು. ಸುತ್ತಲಿನ ಕೇಸಿಂಗ್‌ಗೆ ಬ್ಲೋಲ್ಯಾಂಪ್ ಸ್ವಲ್ಪವೇ ತೋರಿಸಿದರು. ಅಲ್ಯೂಮಿನಿಯಂ ಕೆಂಪಾಗಿ ಎಚ್ಚರಿಸುವ ಜಾತಿಯಲ್ಲ, ನೋಡುತ್ತಿದ್ದಂತೆ ಕುಸಿದುಬಿಡುತ್ತದೆ. ಆಮೇಲೆ ಮೊದಲು ಕೂದಲೆಳೆಯಷ್ಟು ಬಿಗಿದರು, ನಂತರ ಬಿಚ್ಚಿದರು, ಮತ್ತೆ ಬಿಗಿದರು. ‘ಟಕ್’. ಆ ಕೀಚಲು ಸದ್ದು ಕೇಳಿ ನಮ್ಮ ಹುಡುಗ ಕಿವಿ ಮುಚ್ಚಿಕೊಂಡ. ನನಗೆ ನಾಗಸ್ವರದಂತಿತ್ತು.

ಹೊರಬಂದ ತುಂಡಿನ ಥ್ರೆಡ್ಡಿನಲ್ಲಿ ಬಿಳಿ ಪುಡಿಯ ನಡುವೆ ಕೆಂಪಗೆ ಏನೋ ಮಿನುಗಿತು. ತಾಮ್ರದ ಗ್ರೀಸ್. ಉಪ್ಪುನೀರಿನಲ್ಲಿ ಅಲ್ಯೂಮಿನಿಯಂ ಪಕ್ಕ ತಾಮ್ರ ಇಟ್ಟರೆ ಬೆಂಕಿಗೆ ತುಪ್ಪ ಸುರಿದಂತೆ. ಯಾವನಪ್ಪ ಇದನ್ನು ಹಾಕಿದವನು ಎಂದು ರಿಜಿಸ್ಟರ್ ತೆಗೆದೆವು. ಎರಡು ವರ್ಷದ ಹಿಂದೆ ಆ ಸ್ಟಡ್ ಬದಲಿಸಿದ್ದು ನಮ್ಮ ಶೆಡ್ಡಿನಲ್ಲೇ, ಸಹಿ ನನ್ನದೇ. ಮೇಸ್ತ್ರಿ ಪುಟ ಮುಚ್ಚಿ ಕೈ ತೊಳೆಯಲು ಹೋದರು. ಮೆರೈನ್ ಗ್ರೀಸಿಗೆ ನಾನು ಎಷ್ಟು ಸಲ ಇಂಡೆಂಟ್ ಹಾಕಿದ್ದೇನೆ, ಹೊಸ ಇಂಪ್ಯಾಕ್ಟ್ ಗನ್ನಿಗೆ ಹಣವಿದ್ದವರಿಗೆ ಒಂದು ಡಬ್ಬಿ ಗ್ರೀಸಿಗೆ ಏಕಿಲ್ಲ ಎಂದು ಕೂಗಾಡಬೇಕೆನಿಸಿತು. ಆದರೆ ಅದನ್ನು ಸವರಿದ ಕೈ ನನ್ನದೇ ಆಗಿತ್ತು.

ಬಿಲ್ಲಿನಲ್ಲಿ ಮ್ಯಾನೇಜರ್ ಬರೆದದ್ದು: ಇಂಪೆಲ್ಲರ್ ಒಂದು, ಸ್ಟಡ್ ಒಂದು, ಮಜೂರಿ ಒಂದು ಗಂಟೆ.