ಮೂರು ಪರೀಕ್ಷೆಗಳ ಎಸ್‌ಎಸ್‌ಎಲ್‌ಸಿ

2024ರಲ್ಲಿ ಎಸ್‌ಎಸ್‌ಎಲ್‌ಸಿ ಮಕ್ಕಳಿಗೆ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳನ್ನು ಬರೆದು, ಅವುಗಳಲ್ಲಿ ಪಡೆದ ಹೆಚ್ಚಿನ ಅಂಕವನ್ನೇ ಉಳಿಸಿಕೊಳ್ಳುವ ಅವಕಾಶ ಸಿಕ್ಕಿದ್ದು ನಮ್ಮ ಮಂಡ್ಯದ ಹಳ್ಳಿಗಳ ಮಟ್ಟಿಗೆ ಬಹಳ ದೊಡ್ಡ ಬದಲಾವಣೆ. ಮೊದಲು ಗಣಿತದಲ್ಲಿ ಅನುತ್ತೀರ್ಣಳಾದ ಹುಡುಗಿಗೆ ಪೂರಕ ಪರೀಕ್ಷೆಯೊಂದೇ ಗತಿಯಾಗಿತ್ತು. ಅದೂ ಕೈಕೊಟ್ಟರೆ ವರ್ಷವೇ ಕಳೆದುಹೋಗಿ, ಅಷ್ಟರೊಳಗೆ ಮನೆಯಲ್ಲಿ ಮದುವೆಯ ಮಾತು ಏಳುತ್ತಿತ್ತು. ನಮ್ಮ ಬೀದಿಯ ಹುಡುಗಿಯೊಬ್ಬಳು ಹಗಲೆಲ್ಲ ತಾಯಿಯೊಡನೆ ಕಬ್ಬಿನ ಗದ್ದೆಯಲ್ಲಿ ಕಳೆ ಕಿತ್ತು, ಸಂಜೆ ಜಗುಲಿಯ ಮೇಲೆ ಕುಳಿತು, ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ರೇಖಾಗಣಿತದ ಥೇಲ್ಸನ ಪ್ರಮೇಯವನ್ನು ಮತ್ತೆ ಮತ್ತೆ ಬರೆದು ಎರಡನೆಯ ಪರೀಕ್ಷೆಗೆ ಸಿದ್ಧಳಾದುದನ್ನು ನಾನೇ ಕಂಡಿದ್ದೇನೆ. ಗಣಿತದ 100 ಅಂಕಗಳಲ್ಲಿ 20 ಆಂತರಿಕ ಮೌಲ್ಯಮಾಪನಕ್ಕಿದ್ದರೂ ಉಳಿದ 80 ಲಿಖಿತ ಪರೀಕ್ಷೆಯವೇ. ಆದ್ದರಿಂದ ಮೊದಲ ಮತ್ತು ಎರಡನೆಯ ಪರೀಕ್ಷೆಗಳ ನಡುವಿನ ಬೇಸಿಗೆಯ ವಾರಗಳಲ್ಲಿ ಊರಿನ ಶಾಲೆಯಲ್ಲೇ ಗಣಿತ ಹೇಳಿಕೊಡುವವರು ಸಿಗುವಂತೆ ನೋಡಿಕೊಳ್ಳುವ ಹೊಣೆಯನ್ನು ಸರ್ಕಾರ ಬಿಡಬಾರದು. ಟ್ಯೂಷನ್ನಿಗೆಂದು ಮದ್ದೂರಿಗೋ ಮಂಡ್ಯಕ್ಕೋ ಬಸ್ಸು ಹಿಡಿಯುವ ಅನುಕೂಲ ಎಲ್ಲ ಮನೆಗಳಿಗೂ ಇಲ್ಲ.