ಬೆಲ್ಲದ ಪಾಕದ ವಾಸನೆ

ಅಕ್ಕನ ಎರಡನೇ ಹೆರಿಗೆ ಆಗಿದ್ದು ಕೊಪ್ಪಳದಲ್ಲಿ, ಏಪ್ರಿಲ್ ಬಿಸಿಲಿನಲ್ಲಿ. ಗಂಡು ಕೂಸು. ಮಕ್ಕಳ ಡಾಕ್ಟರು ನೋಡಿ, ಎಲ್ಲಾ ಚೆನ್ನಾಗಿದೆ ಅಂತ ಹೇಳಿ ಹೊರಟವರು ಬಾಗಿಲಲ್ಲಿ ನಿಂತು ಕೇಳಿದರು, ‘ಮೊದಲ್ನೇ ಕೂಸು ಹೆಂಗ ಹೋತ್ರೀ?’

ಅವ್ವ ಹೇಳಿದಳು. ಹುಟ್ಟಿದಾಗ ಗುಂಡುಗುಂಡಗಿತ್ತು, ನಾಲ್ಕನೇ ದಿನಕ್ಕೆ ಮೊಲೆ ಹಿಡಿಯೋದು ಬಿಟ್ಟಿತು, ಆಮೇಲೆ ಮೈ ಸೆಟೆದುಕೊಂಡಿತು, ಒಂಬತ್ತನೇ ದಿನ ಹೋಯಿತು. ಆಗ ತೋರಿಸಿದ ಆಸ್ಪತ್ರೆಯವರು ರಕ್ತಕ್ಕೆ ನಂಜೇರಿದೆ ಅಂದಿದ್ದರು. ಓಣಿಯವರು ಬಾಲಗ್ರಹ ಅಂದರು. ಇಷ್ಟೆಲ್ಲ ಹೇಳಿ ಕೊನೆಗೆ ಅವ್ವ, ‘ಅದರ ಉಚ್ಚಿ ಬಟ್ಟಿ ಒಗಿವಾಗ ಬೆಲ್ಲದ ಪಾಕ ಸೀದಂಗ ವಾಸನಿ ಬರ್ತಿತ್ರೀ’ ಅಂದಳು.

ಡಾಕ್ಟರು ವಾಪಸ್ ಬಂದು ಕುರ್ಚಿ ಎಳೆದು ಕೂತರು.

‘ಇದನ್ನ ಅವಾಗ ಯಾರಿಗೂ ಹೇಳ್ಲಿಲ್ಲೇನ್ರೀ?’

‘ಯಾರೂ ಕೇಳ್ಲಿಲ್ಲಲ್ರೀ.’

ಮುಂದಿನ ಪ್ರಶ್ನೆ ಸಂಬಂಧದಲ್ಲೇ ಮದುವೆಯಾ ಅನ್ನೋದು. ಅಕ್ಕನನ್ನು ಕೊಟ್ಟಿದ್ದು ನಮ್ಮ ಸೋದರಮಾವನಿಗೇ. ಮಾವ ಅಲ್ಲೇ ಇದ್ದ, ನೆಲ ನೋಡುತ್ತಾ ನಿಂತ.

ಆ ವಾಸನೆಗೆ ಒಂದು ರೋಗ ಇದೆಯಂತೆ. 1954ರಲ್ಲಿ ಅಮೆರಿಕದಲ್ಲಿ ಒಂದೇ ಮನೆಯ ನಾಲ್ಕು ಕೂಸುಗಳು ಹೀಗೇ ಹೋದಾಗ ಅದನ್ನು ಮೊದಲು ಗುರುತಿಸಿದರು. ಅಲ್ಲಿನವರಿಗೆ ಮೇಪಲ್ ಮರದ ಪಾಕದ ವಾಸನೆ ಅನಿಸಿತು, ಅದೇ ಹೆಸರಾಯಿತು. ನಮ್ಮವರು ಕಂಡುಹಿಡಿದಿದ್ದರೆ ಬೆಲ್ಲದ ಹೆಸರೇ ಇಡುತ್ತಿದ್ದರು, ಅಲ್ವಾ? ಪ್ರೋಟೀನಿನಲ್ಲಿರುವ ಮೂರು ಅಮೈನೋ ಆಮ್ಲಗಳನ್ನು ಕೂಸಿನ ಮೈ ಅರಗಿಸಿಕೊಳ್ಳುವುದಿಲ್ಲ, ಅವು ಸೇರುತ್ತಾ ಹೋಗಿ ಮಿದುಳಿಗೆ ಏರುತ್ತವೆ. ಪ್ರೋಟೀನ್ ಅಂದರೆ ತಾಯಿಯ ಹಾಲಿನಲ್ಲೂ ಇರುವಂಥದ್ದೇ. ಇದನ್ನು ಕೇಳಿದ ಅಕ್ಕನ ಮುಖ ನಾನು ಇನ್ನೂ ಮರೆತಿಲ್ಲ. ಅಪ್ಪ ಅಮ್ಮ ಇಬ್ಬರಲ್ಲೂ ಆ ಜೀನಿನ ಒಂದೊಂದು ಕೆಟ್ಟ ಪ್ರತಿ ಇದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಅವರಿಬ್ಬರೂ ಚೆನ್ನಾಗೇ ಇರುತ್ತಾರೆ, ಹಾಗಾಗಿ ಯಾರಿಗೂ ಗೊತ್ತಾಗುವುದಿಲ್ಲ.

ಈ ರೋಗ ಇದೆಯಾ ಅಂತ ಕೂಸಿನ ರಕ್ತ ಪರೀಕ್ಷೆ ಮಾಡಿ ನೋಡಬಹುದಂತೆ, ಅದಕ್ಕೆ ಸಾಮಾನ್ಯವಾಗಿ ಎರಡು ಮೂರನೇ ದಿನ ರಕ್ತ ತೆಗೀತಾರೆ. ನಮ್ಮ ಕೂಸಿಗೆ ಇಪ್ಪತ್ತನಾಲ್ಕು ಗಂಟೆ ಆಗುತ್ತಲೇ ತೆಗೆದರು. ನರ್ಸ್ ಬಿಸಿನೀರಿನ ಬಟ್ಟೆಯಿಂದ ಪಾದ ಬೆಚ್ಚಗೆ ಮಾಡಿ, ಹಿಮ್ಮಡಿಯ ಪಕ್ಕಕ್ಕೆ ಚುಚ್ಚಿ, ಮೊದಲ ಹನಿ ಒರೆಸಿ, ಫಿಲ್ಟರ್ ಕಾಗದದ ಮೇಲೆ ಅಚ್ಚು ಹಾಕಿದ ವೃತ್ತಗಳಿಗೆ ಮುಟ್ಟಿಸುತ್ತಾ ಹೋದರು. ಒಂದೇ ವೃತ್ತಕ್ಕೆ ಎರಡು ಸಲ ಹನಿ ಬಿತ್ತು. ಹಾಗಾದರೆ ಲೆಕ್ಕ ತಪ್ಪುತ್ತದಂತೆ, ಕಾರ್ಡ್ ಕೆಟ್ಟಿತು. ಮತ್ತೊಂದು ಹಿಮ್ಮಡಿ, ಮತ್ತೊಂದು ಕಾರ್ಡ್. ಆಯಾ ಅದನ್ನು ಬೇಗ ಒಣಗಲಿ ಅಂತ ಕಿಟಕಿಯ ಬಿಸಿಲಿಗೆ ಇಟ್ಟುಬಿಟ್ಟಿದ್ದಳು! ಡಾಕ್ಟರು ನೋಡಿ ಬೈದು ನೆರಳಿಗೆ ಇಡಿಸಿದರು. ನಾಲ್ಕು ತಾಸು ನಾನು ಅದನ್ನೇ ಕಾಯುತ್ತಾ ಕೂತೆ.

ಲ್ಯಾಬ್ ಇದ್ದದ್ದು ಬೆಂಗಳೂರಿನಲ್ಲಿ. ಕೊರಿಯರ್‌ಗೆ ಎರಡು ದಿನ ಅಂದರು. ಮೊದಲ ಕೂಸು ನಾಲ್ಕನೇ ದಿನಕ್ಕೇ ಮೊಲೆ ಬಿಟ್ಟಿತ್ತಲ್ಲ. ಕವರನ್ನು ನನ್ನ ಮಾರ್ಕ್ಸ್ ಕಾರ್ಡಿನ ಫೈಲಿನೊಳಗೆ ಇಟ್ಟುಕೊಂಡು ಹಂಪಿ ಎಕ್ಸ್‌ಪ್ರೆಸ್ ಹತ್ತಿದೆ. ಜನರಲ್ ಬೋಗಿ, ಬೆವರು ತಾಗಬಾರದು ಅಂತ ರಾತ್ರಿಯೆಲ್ಲ ಫೈಲನ್ನು ಎದೆಯಿಂದ ದೂರವೇ ಹಿಡಿದಿದ್ದೆ. ಬೆಳಿಗ್ಗೆ ಕೌಂಟರಿನಲ್ಲಿ ಸೀಲು ಹೊಡೆದು ಒಳಗಿಟ್ಟರು, ಅಷ್ಟೇ. ಆ ಕಾಗದದಿಂದ ಮೂರು ಮಿಲಿಮೀಟರಿನ ಚುಕ್ಕೆ ಕತ್ತರಿಸಿ ಯಂತ್ರಕ್ಕೆ ಕೊಟ್ಟರೆ ಹತ್ತಾರು ರೋಗಗಳ ಸುಳಿವು ಒಟ್ಟಿಗೆ ಸಿಗುತ್ತದೆ.

ಆಮೇಲೆ ಓದಿ ತಿಳಿದಿದ್ದು ಇನ್ನೊಂದಿದೆ. ಇದೇ ಬೆಂಗಳೂರಿನಲ್ಲಿ 1980ರಲ್ಲೇ ಈ ಸಂಶೋಧನೆ ಶುರುವಾಗಿ, ಒಂದು ಲಕ್ಷಕ್ಕೂ ಜಾಸ್ತಿ ಹಸುಗೂಸುಗಳ ರಕ್ತವನ್ನು ಇಂಥ ರೋಗಗಳಿಗಾಗಿ ನೋಡಿದ್ದರು. ಅಕ್ಕನೇ ಆಗ ಹುಟ್ಟಿರಲಿಲ್ಲ. ಅವಳು ಹುಟ್ಟಿ, ಬೆಳೆದು, ಮದುವೆಯಾಗಿ, ಒಂದು ಕೂಸು ಕಳಕೊಂಡರೂ ಆ ಚುಚ್ಚುವ ಕಾರ್ಡ್ ನಮ್ಮ ಮನೆಯವರೆಗೆ ಬಂದಿರಲಿಲ್ಲ. ನನಗೆ ಸಿಟ್ಟು ಬಂದಿದ್ದು ಇದಕ್ಕೆ.

ನಾಲ್ಕನೇ ದಿನ ಸಂಜೆ ಫೋನ್ ಬಂತು. ನಾರ್ಮಲ್. ಅಲ್ಲಿಯ ತನಕ ಹಾಲು ಎಷ್ಟು, ಯಾವಾಗ ಅಂತ ಡಾಕ್ಟರೇ ಹೇಳುತ್ತಿದ್ದರು. ಅಕ್ಕ ಕೂಸನ್ನು ಎತ್ತಿಕೊಂಡು ಗೋಡೆ ಕಡೆ ತಿರುಗಿ ಕೂತಳು. ಮೊದಲ ಕೂಸಿಗೆ ಅದೇ ರೋಗವಿತ್ತಾ ಅಂತ ಕೇಳಿದ್ದಕ್ಕೆ ಡಾಕ್ಟರು, ಆಗಿನ ರಕ್ತ ಒಂದು ಹನಿಯೂ ಇಲ್ಲವಲ್ಲ, ಹೇಗೆ ಹೇಳಲಿ ಅಂದರು.

ಕೂಸಿಗೆ ಈಗ ಎಂಟು ತಿಂಗಳು. ಅವ್ವ ಇನ್ನೂ ಅದರ ಬಟ್ಟೆ ಒಗೆಯುವ ಮುಂಚೆ ಒಂದೊಂದನ್ನೂ ಮೂಗಿಗೆ ಹಿಡಿದು ನೋಡುತ್ತಾಳೆ.